ಸಹಾಯ ಬೇಕು: ಮೊದಲು ಜಿಪ್ಸಮ್ಮೋ, ನೀರೋ?

ನಮ್ಮ ಹೊಲದಲ್ಲಿ ನೀರು ಹಾಯಿಸಿದಷ್ಟೂ ಬಿಳಿ ಉಪ್ಪು ಮೇಲೇಳುತ್ತಿದೆ. ಬೀಜ ಅರ್ಧಂಬರ್ಧ ಮೊಳೆಯುತ್ತದೆ, ಮೊಳೆತದ್ದರ ಎಲೆಯ ತುದಿ ಸುಟ್ಟಂತಾಗುತ್ತದೆ. ಸದ್ಯ ಮನೆ ನಡೆಯುತ್ತಿರುವುದು ಅಮ್ಮ ಸಾಕಿದ ಹಸುಗಳಿಂದ. ಅಪ್ಪ ಮಾತ್ರ ಹೊಲ ಪಾಳು ಬಿಡಲು ಒಪ್ಪಲ್ಲ, ದಿನಾ ಹೋಗಿ ಬದು ಸರಿ ಮಾಡುತ್ತಲೇ ಇರುತ್ತಾರೆ. ಅವರ ಹಟ ನೋಡಿ ನನಗೂ ಸುಮ್ನೆ ಕೂರೋಕೆ ಆಗುತ್ತಿಲ್ಲ.

ಕೊಟ್ಟಿಗೆ ಗೊಬ್ಬರ ಹಾಕಿದೆವು. ಬಿಳಿ ಪದರ ಕೆರೆದು ಹೊರಗೆ ಸಾಗಿಸಿದೆವು. ಮತ್ತೆ ಬಂತು. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 8.6, ಇಸಿ (ಕರಗಿದ ಉಪ್ಪಿನ ಅಳತೆ) ಮೀಟರಿಗೆ 5 ಡೆಸಿಸೀಮನ್ಸ್ ಅಂತ ಬಂದಿದೆ. ಸೋಡಿಯಂ ಎಷ್ಟಿದೆ ಅಂತ ವರದಿಯಲ್ಲಿಲ್ಲ.

ಗೊಬ್ಬರದ ಅಂಗಡಿಯವರು ಜಿಪ್ಸಮ್ (ಮಣ್ಣಿನ ಸೋಡಿಯಂ ಬಿಡಿಸಲು ಹಾಕುವ ಕ್ಯಾಲ್ಸಿಯಂ ಖನಿಜ) ಹಾಕಿ ಅಂತಾರೆ. ಪಕ್ಕದ ಹೊಲದವರು ಅದು ದಂಡ, ಒಳ್ಳೆ ನೀರು ನಿಲ್ಲಿಸಿ ಉಪ್ಪು ಬಸಿಯಲು ಬಿಡಿ ಅಂತಾರೆ. ನನಗೆ ಗೊತ್ತಿರುವಂತೆ ಪಿಎಚ್ 8.5 ದಾಟಿದರೆ ಕ್ಷಾರ, ಅದಕ್ಕೆ ಜಿಪ್ಸಮ್. ಇಸಿ 4 ದಾಟಿದರೆ ಉಪ್ಪು, ಅದಕ್ಕೆ ನೀರು. ನಮ್ಮದು ಎರಡೂ ದಾಟಿದೆ, ಅಲ್ವಾ? ಬರೀ ನೀರು ಹಾಯಿಸಿದರೆ ಉಪ್ಪು ಹೋಗಿ ಸೋಡಿಯಂ ಉಳಿದು, ಮಣ್ಣು ಗಟ್ಟಿಯಾಗಿಬಿಟ್ಟರೆ ಅನ್ನೋ ಭಯ.

ಇಂಥ ಹೊಲ ಸರಿ ಮಾಡಿಕೊಂಡವರು ಹೇಳಿ: ಜಿಪ್ಸಮ್ ಹಾಕಿ ಆಮೇಲೆ ನೀರು ನಿಲ್ಲಿಸಬೇಕಾ, ಇಲ್ಲ ನೀರೇ ಮೊದಲಾ? ಅದಕ್ಕೂ ಮುಂಚೆ ಸೋಡಿಯಂ ಪರೀಕ್ಷೆ ಮಾಡಿಸಲೇಬೇಕಾ?