ಪುಟ್ಟಿ, ಆ ಮಡಕೆಯನ್ನು ಸದ್ಯಕ್ಕೆ ಮರೆತುಬಿಡು

ಪುಟ್ಟಿ, ರಾತ್ರಿ ಎರಡು ಗಂಟೆಗೆ ನೀನು ನಮ್ಮ ಕುಟುಂಬದ ಗುಂಪಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿದೆ. ಆಗಲೇ ಉತ್ತರ ಕೊಡಬೇಕು ಎನ್ನಿಸಿತು. ಮಕ್ಕಳ ಡಬ್ಬಿ, ಶಾಲೆಯ ಬಸ್ಸು ಎಂದು ಹೊತ್ತು ಹೋಯಿತು. ಈಗ ಮನೆ ಖಾಲಿಯಾಗಿದೆ, ಹುರುಳಿಕಾಯಿಯ ನಾರು ತೆಗೆಯುತ್ತಾ ಮಾತನಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಮಗುವಿಗೆ ಹಾಲು ಕುಡಿಸುವಾಗ ಕೇಳಿಸಿಕೋ.

ತವರಿನಿಂದ ಬಂದು ಒಂದು ತಿಂಗಳಾಯಿತು, ಮಗುವಿಗೆ ಐದು ತಿಂಗಳು ತುಂಬಿತು, ಕಾಂಪೋಸ್ಟ್ ಮಡಕೆಯ ತುಂಬ ಹುಳು, ದಿನಕ್ಕೆ ಆರು ಡೈಪರ್ ಬಿಸಾಡುತ್ತಿದ್ದೇನೆ, ಮದುವೆಯಾದಾಗಿನಿಂದ ಕಾಪಾಡಿಕೊಂಡು ಬಂದ ಒಂದೊಂದು ಅಭ್ಯಾಸವೂ ಬಿಟ್ಟುಹೋಯಿತು, ಕಸದ ಬುಟ್ಟಿ ನೋಡಿದರೆ ಅಳು ಬರುತ್ತದೆ ಎಂದು ಬರೆದಿದ್ದೀಯೆ. ಅದರ ಕೆಳಗೆ ದೊಡ್ಡಮ್ಮ "ನಮ್ಮ ಕಾಲದಲ್ಲಿ ಡೈಪರ್ ಎಲ್ಲಿತ್ತು, ಹಳೆಯ ಪಂಚೆಯಲ್ಲೇ ಎಲ್ಲರೂ ಬೆಳೆಯಲಿಲ್ಲವೇ" ಎಂದಿದ್ದಾರೆ. ಮಾವ ಒಂದು ಡೈಪರ್ ಕೊಳೆಯಲು ಐನೂರು ವರ್ಷ ಬೇಕು ಎನ್ನುವ ವಿಡಿಯೊ ಹಾಕಿದ್ದಾರೆ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ನಿದ್ದೆಗೆಟ್ಟು ಅಳುತ್ತಿರುವ ಬಾಣಂತಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಅದಲ್ಲ. ದೊಡ್ಡಮ್ಮ, ಮಾವ, ದಯವಿಟ್ಟು ನೀವೂ ಪೂರ್ತಿ ಕೇಳಿ.

ಹಳೆಯ ಪಂಚೆಯ ಮಾತು ಬಂದಿತಲ್ಲ, ಅದನ್ನೇ ಮೊದಲು ಹೇಳುತ್ತೇನೆ. ತೀರ್ಥಹಳ್ಳಿಯ ಅಜ್ಜಿ ಮನೆಯಲ್ಲಿ ಚಿಕ್ಕಮ್ಮನ ಬಾಣಂತನ ನಡೆದಾಗ ನನಗೆ ಒಂಬತ್ತು ವರ್ಷ. ಪುಟ್ಟಿ, ತೊಟ್ಟಿಲಿನಲ್ಲಿ ಇದ್ದವಳು ನೀನೇ. ಆಷಾಢದ ಮಳೆ, ವಾರಗಟ್ಟಲೆ ಬಿಸಿಲಿಲ್ಲ. ಒಗೆದ ಲಂಗೋಟಿಗಳನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹರವುತ್ತಿದ್ದರು. ಅಲ್ಲಿ ಅರ್ಧ ಆರಿದ ಮೇಲೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಬೆನ್ನಿಗೆ ಒಂದೊಂದೇ ಬಟ್ಟೆ ಹೊದಿಸಿ, ಬಿಸಿ ಹತ್ತಿದ ಕೂಡಲೇ ಮಗುಚುತ್ತಿದ್ದರು. ಸ್ವಲ್ಪ ಮೈಮರೆತರೆ ಬಟ್ಟೆ ಕಂದುಗಟ್ಟುತ್ತಿತ್ತು. ಹೀಗೆ ದಿನಕ್ಕೆ ಇಪ್ಪತ್ತು ಮೂವತ್ತು ತುಂಡು. ಒಗೆಯುತ್ತಿದ್ದವರು ಯಾರು? ದೊಡ್ಡಮ್ಮ, ನೀವೇ. ಆ ಮಳೆಗಾಲದಲ್ಲಿ ನಿಮ್ಮ ಅಂಗೈ ಬಿರುಕು ಬಿಟ್ಟು, ರಾತ್ರಿ ಊಟವಾದ ಮೇಲೆ ಕೊಬ್ಬರಿ ಎಣ್ಣೆ ಸವರಿಕೊಂಡು ಚಿಮಣಿ ದೀಪದ ಮುಂದೆ ಕೂರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಅಜ್ಜಿ, ಅಡುಗೆಗೆ ಅತ್ತೆ, ತೊಟ್ಟಿಲು ತೂಗಲು ನಾವು ಮಕ್ಕಳು. ಚಿಕ್ಕಮ್ಮ ಮಾಡಬೇಕಾಗಿದ್ದದ್ದು ಹಾಲು ಕುಡಿಸುವುದು, ಮಲಗುವುದು ಎರಡೇ.

ಪುಟ್ಟಿ, ಅಷ್ಟು ಜನರ ಕೆಲಸವನ್ನು ನೀನು ಮೂರನೆಯ ಮಹಡಿಯ ಮನೆಯಲ್ಲಿ, ಕಚೇರಿಯ ರಜೆ ಮುಗಿಯುವ ದಿನ ಎಣಿಸುತ್ತಾ, ಒಬ್ಬಳೇ ಮಾಡಲು ಹೊರಟಿದ್ದೀಯೆ. ಆಗದಿದ್ದರೆ ಅದು ನಿನ್ನ ಸೋಲು ಹೇಗಾಗುತ್ತದೆ? ಅಜ್ಜಿಯ ಮನೆಯಲ್ಲಿ ಕಸ ಇರಲಿಲ್ಲ, ನಿಜ. ಅಲ್ಲಿ ಕೈಗಳಿದ್ದವು.

ನನ್ನ ದೊಡ್ಡ ಮಗನ ಕಾಲದಲ್ಲಿ ನಾನೂ ಹಠ ಹಿಡಿದಿದ್ದೆ. ಒಂದೂ ಡೈಪರ್ ಮನೆಯೊಳಗೆ ಬರಬಾರದು ಎಂದು. ಅವನು ಹುಟ್ಟಿದ್ದು ಮೇ ತಿಂಗಳು, ಜುಲೈಗೆ ಬೆಂಗಳೂರಿನ ಮೋಡ ಕವಿದ ದಿನಗಳು ಶುರುವಾದವು. ದಪ್ಪ ಪದರದ ಬಟ್ಟೆ ಡೈಪರ್‌ಗಳು ಎರಡು ದಿನವಾದರೂ ಆರುತ್ತಿರಲಿಲ್ಲ. ಮುಟ್ಟಿದರೆ ಒಣಗಿದ ಹಾಗೆ ಅನ್ನಿಸುತ್ತಿತ್ತು, ಒಳಪದರದಲ್ಲಿ ತೇವ ಇರುತ್ತಿತ್ತು. ಅದನ್ನೇ ಕಟ್ಟಿದೆ. ಒಂದು ವಾರದಲ್ಲಿ ಮಗುವಿನ ತೊಡೆಯ ಸಂದು ಕೆಂಪಗಾಗಿ ಸಿಪ್ಪೆ ಏಳತೊಡಗಿತು, ನೀರು ತಾಗಿದರೆ ಕಿರುಚುತ್ತಿದ್ದ. ಡಾಕ್ಟರು ನೋಡಿ, ಶಿಲೀಂಧ್ರದ ಸೋಂಕು, ಹಗಲು ಗಾಳಿಯಾಡಲು ಬಿಡಿ, ರಾತ್ರಿ ಡೈಪರ್ ಹಾಕಿ, ನೀವೂ ನಿದ್ದೆ ಮಾಡಿ ಎಂದರು. ಆ ರಾತ್ರಿ ಮಗ ಐದು ಗಂಟೆ ಒಂದೇ ಸಮನೆ ಮಲಗಿದ. ನಾನೂ ಮಲಗಿದೆ. ಬೆಳಿಗ್ಗೆ ಎದ್ದಾಗ ಅವನ ಮುಖ ನೋಡಿ ನಗು ಬಂದಿತು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು.

ಮಗಳು ಹುಟ್ಟಿದಾಗ ಲೆಕ್ಕ ಹಾಕಿ ನಡೆದೆ. ದಿನಕ್ಕೆ ಆರು ಡೈಪರ್ ಎಂದರೆ ತಿಂಗಳಿಗೆ 180. ರಾತ್ರಿಗೆ ಒಂದು, ಹೊರಗೆ ಹೋಗುವಾಗ ಒಂದು ಎಂದಿಟ್ಟುಕೊಂಡರೆ 60. ಉಳಿದ ಹೊತ್ತು ಹಳೆಯ ಹತ್ತಿ ಪಂಚೆಯ ತುಂಡು. ಒಂದೇ ಪದರದ ತೆಳು ಬಟ್ಟೆ, ಫ್ಯಾನಿನ ಕೆಳಗೆ ಹಾಕಿದರೂ ಬೇಗ ಆರುತ್ತದೆ, ಅಂಗಡಿಯ ದಪ್ಪ ಬಟ್ಟೆ ಡೈಪರ್‌ಗಿಂತ ನೂರು ಪಾಲು ಮೇಲು. ಬಟ್ಟೆ ಮೃದುವಾಗಿಸುವ ದ್ರಾವಣ ಮಾತ್ರ ಹಾಕಬೇಡ, ಬಟ್ಟೆ ನೀರು ಹೀರುವುದನ್ನೇ ಬಿಟ್ಟುಬಿಡುತ್ತದೆ. ನಿನಗೆ ಈಗ ಇದೂ ಆಗದಿದ್ದರೆ ಮುಂದಿನ ತಿಂಗಳು ನೋಡಿಕೋ. ಆರರಲ್ಲಿ ಒಂದು ಕಡಿಮೆಯಾದರೂ ತಿಂಗಳಿಗೆ 30 ಕಡಿಮೆಯಾಯಿತು.

ಮಾವ ಹಾಕಿದ ವಿಡಿಯೊದ ಐನೂರು ವರ್ಷವನ್ನು ಯಾರೂ ಕೂತು ಎಣಿಸಿದ್ದಲ್ಲ, ಅಷ್ಟು ವರ್ಷದ ಹಿಂದೆ ಡೈಪರ್ ಇರಲೇ ಇಲ್ಲ. ಆದರೆ ಅದರ ಹೊರಪದರ ಪ್ಲಾಸ್ಟಿಕ್, ಒಳಗೆ ಮರದ ತಿರುಳಿನ ಜೊತೆ ನೀರು ಹೀರಿ ಉಬ್ಬುವ ಪಾಲಿಮರ್ ಹರಳು. ಅದು ಬೇಗ ಮಣ್ಣಾಗುವ ವಸ್ತುವಲ್ಲ ಎಂಬುದು ದಿಟ. ಬಟ್ಟೆಯೂ ತಾನಾಗಿಯೇ ಪುಣ್ಯದ ಕೆಲಸವಲ್ಲ. ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಲೆಕ್ಕ ಹಾಕಿತ್ತು: ಒಂದು ಮಗುವಿಗೆ ಎರಡೂವರೆ ವರ್ಷ ಬಿಸಾಡುವ ಡೈಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ, ಅಲ್ಲಿನವರು ಸಾಮಾನ್ಯವಾಗಿ ಒಗೆದು ಒಣಗಿಸುವ ರೀತಿಯಲ್ಲಿ ಬಟ್ಟೆಯಿಂದ ಸುಮಾರು 570. ಯಂತ್ರ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಸುಮಾರು 200 ಕಿಲೋ ಇಳಿಯುತ್ತದೆ ಎಂದೂ ಹೇಳಿತ್ತು. ಲಂಡನ್ನಿನಲ್ಲಿರುವ ಅತ್ತಿಗೆ, ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸಬಹುದೇ ಎಂದು ನೀವು ಕೇಳಿದ್ದಿರಲ್ಲ, ಹಗ್ಗವೇ ಮೇಲು. ನಮಗೆ ಬಿಸಿಲೂ ಹಗ್ಗವೂ ಹುಟ್ಟಿನಿಂದ ಬಂದಿವೆ, ಎರಡನೆಯ ಮಗುವಿಗೆ ಮೊದಲನೆಯದರ ಬಟ್ಟೆ ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇಲ್ಲೊಂದು ಮಾತು ಮಾತ್ರ ನಿನಗೆ ಎಷ್ಟೇ ಸುಸ್ತಾಗಿದ್ದರೂ ಬಿಡಬೇಡ ಎಂದು ಬೇಡಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ನಾನು ಕಸದ ಗಾಡಿಯ ಹತ್ತಿರ ನಿಂತಿದ್ದೆ. ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆ ಯಾರದೋ ಮನೆಯ ಹಸಿ ಕಸದ ಬುಟ್ಟಿಯನ್ನು ಗೋಣಿತಟ್ಟಿನ ಮೇಲೆ ಸುರಿದರು. ತರಕಾರಿಯ ಸಿಪ್ಪೆ, ಕಾಫಿ ಗಸಿ, ಅದರ ನಡುವೆ ಬಿಚ್ಚಿಕೊಂಡ ಒಂದು ಡೈಪರ್. ಒಡೆದು ಒಳಗಿನ ಲೋಳೆಯೆಲ್ಲ ಹೊರಬಂದಿತ್ತು. ಅವರು ಅದನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕೈಯನ್ನು ಗಾಡಿಯ ಅಂಚಿಗೆ ಒರೆಸಿ, ಅದೇ ಕೈಯಿಂದ ಮುಂದಿನ ಬುಟ್ಟಿ ತೆಗೆದುಕೊಂಡರು. ಏನೂ ಮಾತನಾಡಲಿಲ್ಲ. ಒಂದು ಬೈಗುಳವಾದರೂ ಬಂದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

2015ರಲ್ಲಿ ಹೈಕೋರ್ಟು ಬೆಂಗಳೂರಿನವರು ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂದು ಆದೇಶ ಮಾಡಿದ್ದು ನಿನಗೆ ಗೊತ್ತು. ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜು. ಮಲವಿದ್ದರೆ ಮೊದಲು ಕಮೋಡಿಗೆ ತಟ್ಟಿ ನೀರು ಬಿಡು. ಡೈಪರನ್ನು ಒಳಮುಖವಾಗಿ ಸುತ್ತಿ ಅದರ ಅಂಟುಪಟ್ಟಿಯಿಂದಲೇ ಬಿಗಿ ಮಾಡು. ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಮೇಲೆ ಕೆಂಪು ಪೆನ್ನಿನಿಂದ ದೊಡ್ಡದಾಗಿ ಒಂದು ಗುರುತು ಹಾಕು. ಪತ್ರಿಕೆಯ ಹಾಳೆಗಳನ್ನು ಮೊದಲೇ ಕತ್ತರಿಸಿ, ಪೆನ್ನಿನ ಜೊತೆ ಮಗುವಿನ ಬಟ್ಟೆ ಬದಲಿಸುವ ಜಾಗದಲ್ಲೇ ಇಟ್ಟುಕೊಂಡರೆ ಅರ್ಧ ನಿಮಿಷದ ಕೆಲಸ. ಹಸಿರು ಬುಟ್ಟಿಗೆ ಡೈಪರ್ ಬಿದ್ದರೆ ಒಂದು ಮನೆಯ ಹಸಿ ಕಸವೆಲ್ಲ ಕೆಡುತ್ತದೆ, ಗೊಬ್ಬರವಾಗಬೇಕಾದದ್ದು ಕಸ ಹೂಳುವ ಗುಂಡಿಗೆ ಹೋಗುತ್ತದೆ. ಬೆಂಗಳೂರಿನ ಹೊರಗೆ, ನಮ್ಮೆಲ್ಲರ ಬೆರಕೆ ಕಸ ಸುರಿಯುತ್ತಿದ್ದ ಊರು ಮಂಡೂರು; ಅದನ್ನು ವರ್ಷಗಟ್ಟಲೆ ಸಹಿಸಿದ ಅಲ್ಲಿನ ಜನ ಇನ್ನು ಸಾಕು ಎಂದು 2014ರಲ್ಲಿ ಬೀದಿಗಿಳಿದಿದ್ದರು. ಆ ಊರಿನಲ್ಲಿಯೂ ಎಳೆಯ ಮಕ್ಕಳ ತಾಯಂದಿರು ಇದ್ದರು. ಡೈಪರ್ ಬಳಸಿದ್ದಕ್ಕೆ ನೀನು ಮರುಗಬೇಕಾಗಿಲ್ಲ. ಅದನ್ನು ಮುಟ್ಟುವ ಕೈಯ ನೆನಪಿಟ್ಟುಕೊಂಡರೆ ನನಗೆ ಸಾಕು.

ಕುಕ್ಕರ್ ಕೂಗಿತು, ಒಲೆ ಆರಿಸಿ ಬಂದೆ.

ಈಗ ಆ ಮಡಕೆ. ಹುಳು ಬಂದದ್ದು ಅದರೊಳಗೆ ನೀರು ಹೆಚ್ಚಾಗಿ. ನೀನು ತವರಿನಲ್ಲಿದ್ದಾಗ ನಿನ್ನ ಮನೆಯವರು ಮಿಕ್ಕ ಅನ್ನ, ಮೊಸರನ್ನ ಎಲ್ಲವನ್ನೂ ಅದಕ್ಕೆ ಹಾಕಿರಬೇಕು, ಒಣ ಎಲೆ ಹಾಕುವುದು ಗೊತ್ತಿಲ್ಲದೆ. ಆ ಹುಳು ಯಾರಿಗೂ ಏನೂ ಮಾಡುವುದಿಲ್ಲ, ಕಸವನ್ನೇ ತಿಂದು ಕರಗಿಸುತ್ತದೆ. ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ನಾಲ್ಕು ಬೊಗಸೆ ಸುರಿದು ಮುಚ್ಚಿಬಿಟ್ಟರೆ ಎರಡು ಮೂರು ತಿಂಗಳಲ್ಲಿ ತಾನಾಗಿ ಗೊಬ್ಬರವಾಗುತ್ತದೆ. ಅಲ್ಲಿಯ ತನಕ ಹಸಿ ಕಸ ಗಾಡಿಗೆ ಹೋಗಲಿ. ಬೇರ್ಪಡಿಸಿ ಕೊಟ್ಟರೆ ನಿನ್ನ ಪಾಲಿನದು ಮುಗಿಯಿತು.

ಇನ್ನು ನಿನ್ನ ಮನೆಯವರಿಗೆ ಒಂದು ಮಾತು. ಅವರೂ ಈ ಗುಂಪಿನಲ್ಲಿದ್ದಾರೆ, ತಪ್ಪು ತಿಳಿಯುವವರಲ್ಲ ಎಂಬ ನಂಬಿಕೆಯಿಂದ ಹೇಳುತ್ತೇನೆ. ನೋಡಿ, ಕೇಂದ್ರ ಸರ್ಕಾರ 2019ರಲ್ಲಿ ಜನ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಕಸ ಬೇರ್ಪಡಿಸುವುದು, ಬಾಟಲಿ ತೊಳೆದು ಒಣಗಿಸುವುದು, ಅಂಗಡಿಗೆ ಚೀಲ ಒಯ್ಯುವುದು, ಲಂಗೋಟಿ ಮಡಚುವುದು, ಇವೆಲ್ಲ ಆ 299ರ ಮೇಲೆ ಬಂದು ಕೂರುತ್ತವೆ. ಪರಿಸರ ಉಳಿಸುವ ಮನೆ ಎಂದು ನಾವು ಹೊಗಳುವ ಎಷ್ಟೋ ಮನೆಗಳಲ್ಲಿ ಒಬ್ಬ ಹೆಂಗಸು ನಿದ್ದೆ ಬಿಟ್ಟಿರುತ್ತಾಳೆ. ಹಾಗಾಗಿ ಎರಡು ಬುಟ್ಟಿ, ಒಂದು ಚೀಲದ ಹೊಣೆ, ಪೊಟ್ಟಣ ಕೆಳಗಿಳಿಸುವುದು, ಲಂಗೋಟಿ ಒಣಗಿಸುವುದು ನಿಮ್ಮದಾಗಲಿ. ಹೆಂಡತಿ ನೆನಪಿಸದೆ ಆಗಲಿ. ನೆನಪಿಸುವುದೂ ಒಂದು ಕೆಲಸವೇ.

ಪುಟ್ಟಿ, ಕೊಳ್ಳುವುದರಲ್ಲಿ ಮಾತ್ರ ಬಿಗಿಯಾಗಿರು. ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ಬರುವುದೆಲ್ಲ ಬೇಕಾಗಿಲ್ಲ. ನಾನು ಮಗನಿಗೆಂದು ತಂದ ಬಿದಿರಿನ ತಟ್ಟೆ, ಬಿದಿರಿನ ಚಮಚ ಮುಗ್ಗಲು ಹಿಡಿದು ಹೋದವು. ಅಜ್ಜಿ ಕೊಟ್ಟ ಸ್ಟೀಲ್ ಬಟ್ಟಲು ಈಗಲೂ ಹಾಗೇ ಇದೆ. ನಿನಗೆ ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯೂ ಅಜ್ಜಿಯದೇ ಬಂದಿದೆ. ಮಗುವಿನ ಮೊದಲ ಬಟ್ಟೆ ಹಳೆಯದೇ ಇರಬೇಕು ಎಂಬ ನಮ್ಮ ಮನೆಯ ಪದ್ಧತಿ ಎಷ್ಟು ಒಳ್ಳೆಯದು! ನನ್ನ ಮಗಳು ಹಾಕಿದ ಅಂಗಿಗಳು, ಸೊಳ್ಳೆಪರದೆ, ಚನ್ನಪಟ್ಟಣದ ತಳ್ಳುಗಾಡಿ ಅಟ್ಟದ ಮೇಲಿವೆ, ತರುತ್ತೇನೆ. ನಿನ್ನ ಮಗು ಬೆಳೆದ ಮೇಲೆ ಅವೆಲ್ಲ ಶಿವಮೊಗ್ಗಕ್ಕೆ ಹೋಗಲಿ, ಅಲ್ಲಿ ನಮ್ಮ ತಮ್ಮನ ಮನೆಯಲ್ಲಿ ಮಾಗಿಗೆ ಪಾಪು ಬರುತ್ತದೆ.

ಆರು ತಿಂಗಳು ತುಂಬಿದ ಮೇಲೆ ಅನ್ನ ಮುಟ್ಟಿಸಿ ರಾಗಿ ಸರಿ ಶುರು ಮಾಡುತ್ತೀಯಲ್ಲ, ಆಗ ಡಬ್ಬಿಯ ಪುಡಿ ತರಬೇಡ. ನೀನೇ ಮಾಡಲೂ ಬೇಡ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗೈಯಿಂದ ಆಡಿಸಿ ಸೋಸುವ ಹೊತ್ತಿಗೆ ನಾಲ್ಕು ದಿನ ಬೇಕು. ದೊಡ್ಡಮ್ಮ, ಅದು ನಿಮ್ಮ ಕೈಯಿಂದಲೇ ಆಗಬೇಕು. ನೀವು ಸೋಸಿದ ಹಿಟ್ಟು ಗಂಟಲಿಗೆ ತಾಗುವುದೇ ಗೊತ್ತಾಗುವುದಿಲ್ಲ. ಒಂದು ಕಿಲೋ ರಾಗಿ ನಾನು ಕೊಡುತ್ತೇನೆ, ನೀವು ಮಾಡಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡಿ.

ಶನಿವಾರ ಹತ್ತು ಗಂಟೆಗೆ ಬರುತ್ತೇನೆ. ಬಸ್ಸಾರು, ಮುದ್ದೆಯ ಹಿಟ್ಟು ತರುತ್ತೇನೆ, ಏನೂ ಅಡುಗೆ ಮಾಡಬೇಡ. ನಾನು ಮಗುವನ್ನು ನೋಡಿಕೊಳ್ಳುತ್ತೇನೆ, ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗು. ಹೋಗುವಾಗ ಆ ಮಡಕೆಯನ್ನು ಹುಳುವಿನ ಸಮೇತ ಕಾರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ನಮ್ಮ ಮನೆಯ ಮುಂದಿನ ಹೊಂಗೆಯ ಮರದಡಿ ಒಣ ಎಲೆ ಬೇಕಾದಷ್ಟಿದೆ.