ಅಪ್‌ಡೇಟ್: ಬೂಟ್ ಡ್ರೈಯರ್ ಇಲ್ಲಿಯದ್ದೇ ತೆಗೆದುಕೊಂಡೆ

ಮಂಗಳೂರಿನ ಮಳೆಗೆ ಬೈಕ್ ಬೂಟು, ಗ್ಲೌಸ್ ಒಣಗಿಸಲು ಅಮೆರಿಕದ ಡ್ರೈಯರ್ ತರಿಸಲೋ, ನಮ್ಮ ದೇಶದ್ದೇ ಸಾಕೋ ಅಂತ ಕೇಳಿದ್ದೆ ಅಲ್ವಾ? ನಮ್ಮದೇ ತೆಗೆದುಕೊಂಡೆ.

ಮುಖ್ಯ ಕಾರಣ ಕರೆಂಟು. ಅಲ್ಲಿನದ್ದು 120 ವೋಲ್ಟ್, ನಮ್ಮದು 230. ಸುಮ್ನೆ ಟ್ರಾನ್ಸ್‌ಫಾರ್ಮರ್ ಯಾಕೆ? ಡ್ರೈಯರ್‌ನ ಫ್ಯಾನ್ ಕೆಟ್ಟರೆ ಇಲ್ಲೇ ಮಂಗಳೂರಿನ ಹಂಪನಕಟ್ಟೆಯಲ್ಲೇ ರಿಪೇರಿ ಆಗುತ್ತದೆ.

ಹೀಟರ್ ಇಲ್ಲದೆ ಬರೀ ಫ್ಯಾನ್ ಇರುವ ಡ್ರೈಯರ್ ಬೇಡ ಅಂದವರಿಗೆ ಥ್ಯಾಂಕ್ಸ್. ಜುಲೈಯಲ್ಲಿ ಇಲ್ಲಿನ ಗಾಳಿಯೇ ಒದ್ದೆ. ಅದನ್ನು ಸ್ವಲ್ಪ ಬಿಸಿ ಮಾಡಿದರೆ ಮಾತ್ರ ತೇವ ಎಳೆದುಕೊಳ್ಳುತ್ತದೆ. ಆದರೆ ಬಿಸಿ ಜಾಸ್ತಿಯಾದರೆ ಚರ್ಮ ಬಿರಿಯುತ್ತದೆ, ಸೋಲ್‌ನ ಅಂಟು ಬಿಡುತ್ತದೆ. ಒಳಗಿನ ಇನ್‌ಸೋಲ್ ತೆಗೆದು ಬೇರೆಯಾಗಿ ಒಣಗಿಸಿ. ಈಗ ಬೂಸ್ಟು ಹಿಡಿಯುತ್ತಿಲ್ಲ, ವಾಸನೆಯೂ ಇಲ್ಲ.

ಸದ್ದು ಮಾತ್ರ ವಿಪರೀತ. ಅಮ್ಮನ ಬೈಗುಳಕ್ಕೆ ಹೆದರಿ ಚಾವಡಿಗೆ ಸಾಗಿಸಿದ್ದೇನೆ.