ಅಪ್ಪಾಜಿಗೆ ಬಿಪಿ ಅದ, ಉಪ್ಪು ಕಡಿಮಿ ಮಾಡ್ರಿ ಅಂದಾರ, ನಿಮ್ಮನ್ಯಾಗ ಹ್ಯಾಂಗ ಮಾಡ್ತೀರಿ?

ಕಲಬುರಗಿಯಿಂದ ಕೇಳ್ಲಾಕತ್ತೀನ್ರಿ. ಹಾರ್ಟ್ ಡಾಕ್ಟರ್ ಉಪ್ಪು ಇಳಸ್ರಿ ಅಂದಾರ, ನಾ ಸಪ್ಪನ ಬ್ಯಾಳಿ ಮಾಡಿದ್ರ ಅಪ್ಪಾಜಿ "ಉಪ್ಪಿಗಿಂತ ರುಚಿ ಇಲ್ಲ" ಅಂತ ಗಾದಿ ಹೇಳ್ಕೋತ ತಾಟು ಸರಸ್ತಾರ. ಯಾರರ ಮಾಡಿದ್ರ ಹೇಳ್ರಿ.

ಬೀದರ್‌ನಿಂದ:
ಅಕ್ಕಾರ, ಮೊದಲೇ ಬ್ಯಾಳಿಗೆ ಕೈ ಹಚ್ಚಬ್ಯಾಡ್ರಿ. ನಮ್ಮ ಮಾವನೋರಿಗೂ ಇದೇ ಆಗಿತ್ತು. ಜ್ವಾಳದ ರೊಟ್ಟಿಗೆ ನಮ್ಮಲ್ಲಿ ಹೆಂಗೂ ಉಪ್ಪು ಹಾಕಂಗಿಲ್ಲ, ಖರೇ ಉಪ್ಪು ಇರೋದು ತಾಟಿನ ಅಂಚಿಗೆ, ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗಿ ಮೆಣಸಿನಕಾಯಿ, ಮ್ಯಾಲ ಸಂಜಿಕಿ ಮಿರ್ಚಿ ಭಜಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕ 5 ಗ್ರಾಂ ಒಳಗ ಅಂತದ, ಅಂದ್ರ ಒಂದು ಟೀ ಚಮಚದಷ್ಟು, ಅದರಾಗೇ ಇವೆಲ್ಲಾ ಬಂದ್ವು ನೋಡ್ರಿ. ನಾ ಶೇಂಗಾ ಹಿಂಡಿ ಅಂಗಡ್ಯಾಗಿಂದ ತರೋದು ಬಿಟ್ಟು ಮನ್ಯಾಗೇ ಕುಟ್ಟತೀನಿ, ಶೇಂಗಾ ಸಣ್ಣ ಉರಿ ಮ್ಯಾಲ ಸಿಪ್ಪಿ ಕಪ್ಪಚುಕ್ಕಿ ಬೀಳೋತನ ಹುರದು, ಬಳ್ಳೊಳ್ಳಿ ಜೀರಗಿ ಕೈ ಬಿಟ್ಟು ಹಾಕಿ, ಚೂರು ಹುಣಸಿಹಣ್ಣು, ಖಾರ ಇದ್ದಷ್ಟೇ, ಉಪ್ಪು ಅರ್ಧ. ಮಾವನೋರಿಗೆ ಗೊತ್ತೇ ಆಗ್ಲಿಲ್ಲ. ಪುಂಡಿಪಲ್ಯಾನೂ ಹಂಗೇ, ಹುಳಿ ಇರ್ತದಲ್ಲ, ಉಪ್ಪು ಕಡಿಮಿ ಬಿದ್ರೂ ನಡೀತದ. ಆದ್ರ ಉಪ್ಪಿನಕಾಯಿಗೆ ಉಪ್ಪು ಇಳಸ್ಲಾಕ ಹೋಗಬ್ಯಾಡ್ರಿ, ಕೆಡ್ತದ, ತಿನ್ನೋದೇ ಕಡಿಮಿ ಮಾಡ್ಬೇಕು. ಬ್ಯಾಳಿ ಉಪ್ಪು ಆಮ್ಯಾಲ ವಾರ ವಾರಕ್ಕ ಚೂರು ಚೂರು ಇಳಸ್ರಿ, ನಾಲಿಗಿ ತಾನೇ ಹೊಂದ್ಕೋತದ, ನಮಗ ಈಗ ಮದವಿ ಊಟನೇ ಉಪ್ಪುಪ್ಪು ಅನಸ್ತದ.

ಯಾದಗಿರಿಯಿಂದ:
ನಾವು ಸೈಂಧವ ಲವಣ ತಂದೀವ್ರಿ, ಅದು ಬಿಪಿಗೆ ಛಲೋ ಅಂತಾರ.

ಸೇಡಂನಿಂದ:
ಅಣ್ಣಾ, ರೊಕ್ಕ ದಂಡ. ಅದೂ ಹೆಚ್ಚುಕಡಿಮಿ ಎಲ್ಲಾ ಸೋಡಿಯಂ ಕ್ಲೋರೈಡೇ, ಅಂದ್ರ ಮಾಮೂಲಿ ಉಪ್ಪೇ, ಬಿಪಿ ಏರ್ಸೋದು ಅದರಾಗಿನ ಸೋಡಿಯಂ, ಮ್ಯಾಲ ಭಾಳ ಸಲ ಅಯೋಡಿನ್ ಹಾಕಿದ್ದಿರಂಗಿಲ್ಲ. ನಾ ಮೆಡಿಕಲ್ ಅಂಗಡ್ಯಾಗ ಕುಂದರಾಂವ, ಮಂದಿ ಲೋ ಸೋಡಿಯಂ ಉಪ್ಪು ಕೇಳ್ತಾರ, ಅದರಾಗ ಸ್ವಲ್ಪ ಸೋಡಿಯಂ ಬದಲಿ ಪೊಟ್ಯಾಸಿಯಂ ಇರ್ತದ, ಬಿಪಿ ಇಳೀತದ ಖರೇ, ಆದ್ರ ಕಿಡ್ನಿ ತ್ರಾಸ ಇದ್ದವರು ಮುಟ್ಟಬಾರದು, ಟೆಲ್ಮಿಸಾರ್ಟಾನ್ ಲೊಸಾರ್ಟಾನ್ ಅಂಥ ಬಿಪಿ ಗುಳಗಿ ತಗೊಳ್ಳೋರಿಗೂ ರಕ್ತದಾಗ ಪೊಟ್ಯಾಸಿಯಂ ಏರ್ಬಹುದು, ಡಾಕ್ಟರ್‌ಗೆ ಕೇಳದೆ ತರಬ್ಯಾಡ್ರಿ. ಇನ್ನೊಂದು, ಗ್ಯಾಸ್ ಅಂತ ದಿನಾ ಈನೋ ಕುಡಿಯೋರು ಭಾಳ ಮಂದಿ ಅದಾರ, ಅದೂ ಸೋಡಿಯಂನೇ, ಭಜಿಗೆ ಹಾಕೋ ಸೋಡಾನೂ ಅಷ್ಟೇ. ಅಪ್ಪಾಜಿಗೆ ಕೇಳಿ ನೋಡ್ರಿ.

ಶಹಾಪುರದಿಂದ:
ಬ್ಯಾಸಗಿ ಮಾತು ಯಾರೂ ಎತ್ತಲಿಲ್ಲ. ನಮ್ಮಪ್ಪ ಬಿಸಲಾಗ ಹೊಲಕ್ಕ ಹೋಗ್ತಾರ, ಬೆವರು ಹರೀತದ, ಮೂತ್ರ ಹೋಗೋ ಗುಳಗಿ ಬ್ಯಾರೆ ನಡದಿತ್ತು, ಉಪ್ಪೂ ಪೂರಾ ಬಂದ್ ಮಾಡಿದ್ವಿ, ಚಕ್ಕರ್ ಬಂದು ಕೂತಬಿಟ್ರು. ರಕ್ತ ತಗದು ನೋಡಿದ್ರ ಸೋಡಿಯಂ ಇಳದಿತ್ತು. ಕಡಿಮಿ ಮಾಡ್ರಿ, ಪೂರಾ ಬಂದ್ ಮಾಡಬ್ಯಾಡ್ರಿ, ಏಪ್ರಿಲ್ ಮೇದಾಗ ಎಷ್ಟು ಅಂತ ಡಾಕ್ಟರ್‌ಗೇ ಕೇಳ್ರಿ, ಗುಳಗಿ ಚೀಟಿ ಸಂಗಟ ಒಯ್ರಿ.